ಕಾಳು ಹಾಕುವವರು ಒಬ್ಬರು, ಕೆಮ್ಮುವವರು ಇನ್ನೊಬ್ಬರು

ಮುಂಬೈಯ ದಾದರ್‌ನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಜಾಗವಾದ ಕಬೂತರ್‌ಖಾನಾಕ್ಕೆ ಪಾಲಿಕೆ ಟಾರ್ಪಾಲ್ ಹೊದಿಸಿದ್ದು, 2025ರ ಆಗಸ್ಟ್ 6ರಂದು ಜನ ಅದನ್ನು ಹರಿದು ಹಾಕಿದ್ದು ಎಲ್ಲರೂ ನೋಡಿದ್ದೇ. ಕಾಳು ಹಾಕುವವರ ಮೇಲೆ ಕೇಸು ಹಾಕಿ ಎಂದು ಹೈಕೋರ್ಟ್ ಹೇಳಿತ್ತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಆಮೇಲೆ ಜೈನರು, ಮರಾಠಿಗರು, ಧರ್ಮ, ಚುನಾವಣೆ ಎಂದು ಮಾತು ಎಲ್ಲೆಲ್ಲೋ ಹೋಯಿತು. ಶ್ವಾಸಕೋಶದ ಸುದ್ದಿ ಮಾತ್ರ ಮೂಲೆ ಸೇರಿತು.

ಒಣಗಿದ ಹಿಕ್ಕೆಯಲ್ಲಿ, ರೆಕ್ಕೆಯಿಂದ ಉದುರುವ ಬಿಳಿ ಪುಡಿಯಲ್ಲಿ ಪಾರಿವಾಳದ ಪ್ರೋಟೀನ್ ಇರುತ್ತದೆ. ತಿಂಗಳು, ವರ್ಷಗಟ್ಟಲೆ ಉಸಿರಿನೊಂದಿಗೆ ಒಳಗೆ ಹೋದರೆ ಕೆಲವರ ದೇಹಕ್ಕೆ ಅದು ಒಗ್ಗುವುದಿಲ್ಲ, ಶ್ವಾಸಕೋಶ ಒಳಗೊಳಗೇ ಊದಿಕೊಳ್ಳುತ್ತದೆ. ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಸೋಂಕಲ್ಲವಾದ್ದರಿಂದ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಒಣಕೆಮ್ಮು, ಎರಡು ಮಹಡಿ ಹತ್ತಿದರೆ ಏದುಸಿರು, ಮೈ ಇಳಿಯುವುದು. ಅಸ್ತಮಾ ಎಂದು ಇನ್ಹೇಲರ್ ಕೊಟ್ಟೋ, ಟಿಬಿ ಇರಬಹುದೆಂದು ಅನುಮಾನಪಟ್ಟೋ ವರ್ಷ ಕಳೆದುಹೋಗುತ್ತದೆ. ಬರೀ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್ ಬೇಕು. ಊತವಿದ್ದಾಗ ಸ್ಟೀರಾಯ್ಡ್ ಕೆಲಸ ಮಾಡುತ್ತದೆ. ಗಾಯ ಗಂಟುಕಟ್ಟಿ ಫೈಬ್ರೋಸಿಸ್ ಆದ ಭಾಗ ಮಾತ್ರ ಮೊದಲಿನಂತಾಗುವುದಿಲ್ಲ. ಕಿಟಕಿಯಲ್ಲಿ ಪಾರಿವಾಳವಿದೆ ಎಂದು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಎಲ್ಲವನ್ನೂ ಹಕ್ಕಿಯ ತಲೆಗೆ ಕಟ್ಟುವುದೂ ಸರಿಯಲ್ಲ. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಶ್ವಾಸಕೋಶದ ಅಂಗಾಂಶ ಊದಿ ಗಟ್ಟಿಯಾಗುವ ಕಾಯಿಲೆಗಳ ಗುಂಪು) ರಿಜಿಸ್ಟ್ರಿಯ 1,084 ರೋಗಿಗಳಲ್ಲಿ ಶೇ. 47ರಷ್ಟು ಮಂದಿಗೆ ಇದೇ ಕಾಯಿಲೆಯಿತ್ತು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಏರ್ ಕೂಲರ್ ಬಳಸುತ್ತಿದ್ದವರು. ಕೂಲರಿನ ಬೂಷ್ಟೂ ಪಾರಿವಾಳಕ್ಕಿಂತ ಸಾಧುವೇನಲ್ಲ.

ಇನ್ನು ಹಕ್ಕಿಯ ಲೆಕ್ಕ. ಬಂಡೆಯ ಸಂದಿಯಲ್ಲಿ ಗೂಡು ಕಟ್ಟುವ ಜಾತಿ ಇದು, ನಮ್ಮ ಎಸಿ ಯೂನಿಟ್ ಹಿಂದಿನ ಸಂದಿ ಅದಕ್ಕೆ ಬಂಡೆಯೇ. ಒಂದು ಸಲಕ್ಕೆ ಎರಡು ಮೊಟ್ಟೆ, 17-18 ದಿನ ಕಾವು. ಮರಿಗೆ ಹುಳ ಹುಡುಕಬೇಕಿಲ್ಲ, ಗಂಟಲ ಚೀಲದ ಹಾಲನ್ನೇ ಉಣಿಸುತ್ತದೆ. ಹಾಗಾಗಿ ಕಾಳು ಸಿಕ್ಕಷ್ಟು ಕಾಲವೂ ಸಂತಾನ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು 1 ಲಕ್ಷ ಪಾರಿವಾಳ ಕೊಂದರೂ ಇದ್ದ 20,000 ಹಾಗೇ ಉಳಿಯಿತು. 1988ರಿಂದ ಕಾಳು ಹಾಕಬೇಡಿ ಎಂದು ಜನರಿಗೆ ತಿಳಿಹೇಳಿ, ಗೂಡು ಕಟ್ಟಿಸಿ ಮೊಟ್ಟೆ ತೆಗೆದರು. ನಾಲ್ಕೈದು ವರ್ಷದಲ್ಲಿ ಅರ್ಧಕ್ಕಿಳಿಯಿತು. ಮುಂಬೈಯಲ್ಲಿ ಬರೀ ಟಾರ್ಪಾಲ್ ಕಟ್ಟಿದರೆ ಕಾಳಿನ ಚೀಲ ಪಕ್ಕದ ಸೊಸೈಟಿಯ ಟೆರೇಸ್ ಹತ್ತುತ್ತದೆ, ಅಷ್ಟೇ.

ಮಾಟುಂಗಾ, ವಡಾಲಾ, ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಲ್ಲೂ ದಿನಾ ಬೆಳಿಗ್ಗೆ ಕಿಟಕಿಗೆ ಹಿಡಿ ಜೋಳ ಸುರಿಯುವವರಿದ್ದಾರೆ. ಶ್ರಾದ್ಧದ ದಿನ ಕಾಗೆಗೆ ಎಡೆ ಇಟ್ಟ ಹಾಗಲ್ಲ ಇದು. ಮೂರನೇ ಮಹಡಿಯಲ್ಲಿ ಸುರಿದದ್ದರ ಪುಡಿ ಎರಡನೆಯ ಮಹಡಿಯ ತೊಟ್ಟಿಲಿಗೆ ಇಳಿಯುತ್ತದೆ.

ಹಿಕ್ಕೆಯನ್ನು ಒಣಗಿದ್ದಾಗ ಪೊರಕೆ ಹಾಕಿ ಗುಡಿಸಲೇಬೇಡಿ. ಮನೆಗೆಲಸದವರ ಕೈಲಂತೂ ಮಾಸ್ಕಿಲ್ಲದೆ ಮಾಡಿಸಬೇಡಿ. ಎನ್95 ಮಾಸ್ಕ್, ಗ್ಲೌಸ್ ಹಾಕಿ, ಮನೆಯೊಳಗಿನ ಫ್ಯಾನ್ ನಿಲ್ಲಿಸಿ, ಸೋಪು ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಹಸಿಯಿರುವಾಗಲೇ ಕೆರೆದು ಚೀಲದ ಬಾಯಿ ಕಟ್ಟಿ. ಹಕ್ಕಿ ಬರದಂತೆ ಕಿಟಕಿಗೆ ಬಲೆ ಹಾಕಿಸುವುದಾದರೆ ಕಣ್ಣು 2 ಇಂಚಿಗಿಂತ ದೊಡ್ಡದಿರಬಾರದು, ಬಿಗಿಯಾಗಿರಬೇಕು. ಜೋಲು ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡು ಸಾಯುತ್ತದೆ. ಬಲೆ ಬಂದ ಮರುದಿನವೇ ಕೆಮ್ಮು ಹೋಗಲಿಲ್ಲ ಎಂದು ಔಷಧ ಬಿಡಬೇಡಿ, ಹಕ್ಕಿ ಹಾರಿಹೋದರೂ ಪುಡಿ ಪರದೆಯಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ.