ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಮಾತ್ರ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹೊಸ ನಿಯಮ ಬಂದಿದೆ. ರಾಜಕೀಯ ಬೇಡ, ಧರ್ಮ ಬೇಡ, ಗುಡ್ ಮಾರ್ನಿಂಗ್ ಹೂವು ಬೇಡ. ಕೊನೆಯದು: "ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಮಾತ್ರ ಬರೆಯಿರಿ. ಪ್ರಾದೇಶಿಕ ಭಾಷೆಯ ಮೆಸೇಜ್ ಡಿಲೀಟ್ ಮಾಡಲಾಗುವುದು." ಊರು ಬೆಂಗಳೂರು. ಯಾವ ಭಾಷೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಮೂರನೇ ಮಹಡಿಯ ಅಜ್ಜಿಗೆ ಇಂಗ್ಲಿಷೂ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. ಹಾಗಾಗಿ ಅವರು 'ಎಲ್ಲರ' ಲೆಕ್ಕದಲ್ಲಿಲ್ಲ. ಅವರು ಕಟ್ಟುವ ಮೇಂಟೆನೆನ್ಸ್ ದುಡ್ಡು ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ.

ಅಡ್ಮಿನ್ ತುಂಬಾ ಶ್ರದ್ಧೆಯವರು. ಓದಲು ಬಾರದ್ದನ್ನೆಲ್ಲ ಓದದೆಯೇ ಅಳಿಸುತ್ತಾರೆ. ಮೊನ್ನೆ "ನಾಳೆ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕರೆಂಟ್ ಇಲ್ಲ" ಅಂತ ಲೈನ್‌ಮನ್ ಕನ್ನಡದಲ್ಲಿ ಕಳಿಸಿದ್ದನ್ನು ಯಾರೋ ಗ್ರೂಪಿಗೆ ಹಾಕಿದರು. ಅದು ಹೋಯಿತು. ಮರುದಿನ ಕರೆಂಟೂ ಹೋಯಿತು. "ಮೊದಲೇ ಯಾಕೆ ತಿಳಿಸಲಿಲ್ಲ" ಅಂತ ಸಂಜೆಯವರೆಗೆ ಜಗಳ, ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲೇ.

ವಿನಾಯಿತಿಯೂ ಉಂಟು. ನವೆಂಬರ್ 1ರಂದು ಹಳದಿ ಕೆಂಪು ಬಾವುಟದ ಜೊತೆ ಕನ್ನಡ ಹಾಕಬಹುದು. ಆಮೇಲೆ ಬೇಸಿಗೆಯಲ್ಲಿ, ನೀರಿನ ಟ್ಯಾಂಕರಿನವನು ವಾಯ್ಸ್ ಮೆಸೇಜ್ ಕಳಿಸಿದಾಗ. ಅದನ್ನು ಮುಟ್ಟುವ ಧೈರ್ಯ ಅಡ್ಮಿನ್‌ಗೂ ಇಲ್ಲ. ಇಡೀ ಬ್ಲಾಕು ಕಿವಿಗೆ ಫೋನ್ ಹಚ್ಚಿ ಕೂರುತ್ತದೆ. ಏನಂದ, ಯಾವಾಗ ಬರ್ತಾನಂತೆ, ಯಾರಾದರೂ ಹೇಳಿ ಪ್ಲೀಸ್! ಕನ್ನಡ ಕಲಿಸಲು ಸರ್ಕಾರ ಸುಮ್ನೆ ಕಷ್ಟಪಡುತ್ತಿದೆ. ಟ್ಯಾಂಕರಿನವರನ್ನು ಮೇಷ್ಟ್ರು ಮಾಡಿದರೆ ಸಾಕಿತ್ತು.

ಪಾಪ, ಅಡ್ಮಿನ್ ಒಬ್ಬರನ್ನೇ ಬೈದು ಏನು ಪ್ರಯೋಜನ? ದೊಡ್ಡ ಕಂಪನಿಗಳದ್ದೂ ಇದೇ ಕಥೆ. 2025ರ ಜುಲೈನಲ್ಲಿ ಬಿ. ಸರೋಜಾದೇವಿಯವರ ಅಂತಿಮ ದರ್ಶನಕ್ಕೆ ಹೋದ ಸಿದ್ದರಾಮಯ್ಯನವರನ್ನೇ ಫೇಸ್‌ಬುಕ್ ನಡೆಸುವ ಮೆಟಾದ ಅನುವಾದ ಯಂತ್ರ ತೀರಿಕೊಂಡರೆಂದು ಬರೆದು ತೀರಿಸಿಬಿಟ್ಟಿತ್ತಲ್ಲ. ಮುಖ್ಯಮಂತ್ರಿಯಾದ್ದರಿಂದ ಪತ್ರ ಹೋಯಿತು, ಕ್ಷಮೆ ಬಂತು. ನಿಮ್ಮ ನಮ್ಮಂಥವರಾಗಿದ್ದರೆ ತಿಥಿ ಊಟ ಮುಗಿದ ಮೇಲೂ "ನಿಮ್ಮ ದೂರು ಪರಿಶೀಲನೆಯಲ್ಲಿದೆ" ಅಂತಲೇ ಇರುತ್ತಿತ್ತು.

ಹೆಣ್ಣುಮಕ್ಕಳ ಫೋಟೋ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಹೊಲಸು ಬೈಗುಳವನ್ನು ರಿಪೋರ್ಟ್ ಮಾಡಿ ನೋಡಿ. "ನಿಯಮ ಉಲ್ಲಂಘನೆ ಕಂಡುಬಂದಿಲ್ಲ." ಹೇಗೆ ಕಂಡೀತು? ಓದುವವರು ಇದ್ದರೆ ತಾನೇ!

ಇದರಲ್ಲಿ ನಗುವಂಥದ್ದು ಇಲ್ಲಿಗೆ ಮುಗಿಯಿತು. 2015ರ ಆರಂಭದಲ್ಲಿ ಫೇಸ್‌ಬುಕ್‌ನಲ್ಲಿ ಮ್ಯಾನ್ಮಾರಿನ ಪೋಸ್ಟುಗಳನ್ನು ಪರಿಶೀಲಿಸಲು ಬರ್ಮೀಸ್ ಬಲ್ಲವರು ಇದ್ದದ್ದು ಇಬ್ಬರೇ ಎಂದು ರಾಯಿಟರ್ಸ್ ವರದಿ ಮಾಡಿತ್ತು. ಕೋಟ್ಯಂತರ ಜನರ ದೇಶ. ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾಗಳನ್ನು ಕೊಲ್ಲಿ ಅಂತ ಜನ ರಾಜಾರೋಷವಾಗಿ ಬರೆಯುತ್ತಿದ್ದರು. 2017ರಲ್ಲಿ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಹೋದರು. ಜಾಹೀರಾತು ಮಾರಲು ಎಲ್ಲ ದೇಶವೂ ಬೇಕು. ಆ ದೇಶದ ಭಾಷೆ ಓದುವವನಿಗೆ ಸಂಬಳ ಕೊಡುವುದು ಮಾತ್ರ ದುಬಾರಿ. ಸಾಕಾಗಿದೆ ಈ ನಾಟಕ.

ಇಷ್ಟು ಹೊತ್ತು ತಲೆದೂಗಿದ ಕನ್ನಡಿಗರೇ, ಕರಾವಳಿಯ ಯಾವುದಾದರೂ ಗ್ರೂಪಿಗೆ ಹೋಗಿ ತುಳುವಿನಲ್ಲಿ ಒಂದು ಸಾಲು ಬರೆಯಿರಿ. "ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ" ಅಂತ ಹೇಳಲು ಯಾರಾದರೂ ಇದ್ದೇ ಇರುತ್ತಾರೆ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತೃಭಾಷೆ ತುಳು ಎಂದಿದ್ದರು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದಿಲ್ಲ. ಅದರ ಲಿಪಿಗೆ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದೇ 2024ರಲ್ಲಿ. ಈಗ ಗ್ರೂಪಿನಲ್ಲೂ ಜಾಗ ಬೇಕಂತೆ, ಎಂಥ ದುರಾಸೆ!

ತುಳುವರು ತಮ್ಮದೇ ಗ್ರೂಪ್ ಮಾಡಿಕೊಳ್ಳಬಹುದು, ಸಂತೋಷ. ಅಲ್ಲಿ ಯಾರಾದರೂ ಬ್ಯಾರಿ ಭಾಷೆಯಲ್ಲಿ ಬರೆದರೆ ಅಳಿಸಲು ಶ್ರದ್ಧೆಯ ಅಡ್ಮಿನ್ ಒಬ್ಬರು ಸಿಗದೆ ಇರುವುದಿಲ್ಲ.