ನಮ್ಮೋರು ಬ್ರೋಕರ್ ಯಾರಾದ್ರೂ ಇದ್ದಾರಾ?

ಇಲ್ಲಿ ಅಮೆರಿಕದಲ್ಲಿ, ಯುಗಾದಿ ಕಾರ್ಯಕ್ರಮದಲ್ಲಿ ಊಟಕ್ಕೆ ಸಾಲಲ್ಲಿ ನಿಂತಿದ್ದಾಗ ಗೆಳೆಯನೊಬ್ಬ ಕೇಳಿದ. "ಒರ್ಲಾಂಡೊದಲ್ಲಿ ರೀಸೇಲ್ ಟೈಮ್‌ಶೇರ್ ತಗೋಬೇಕು ಅಂತಿದ್ದೀನಿ. ನಿಂಗೆ ಗೊತ್ತಿರೋ ನಮ್ಮೋರು ಬ್ರೋಕರ್ ಯಾರಾದ್ರೂ ಇದ್ದಾರಾ?" ಟೈಮ್‌ಶೇರ್ ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೆ ಕೆಲವು ದಿನ ಉಳಿಯುವ ಹಕ್ಕು. ಅದನ್ನು ಈಗಿನ ಮಾಲೀಕರಿಂದ ಕೊಂಡರೆ ರೀಸೇಲ್. ಆದರೆ ಆ "ನಮ್ಮೋರು" ಅನ್ನುವ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ನಾಲ್ಕು ವರ್ಷದ ಹಿಂದೆ ನಾನು ಕೂಡ ಇದೇ ಪ್ರಶ್ನೆಯಿಂದ ಶುರು ಮಾಡಿ ದುಡ್ಡು ಕಳೆದುಕೊಂಡವನು.

ಊರಲ್ಲಿ ಸೈಟು ಕೊಳ್ಳುವಾಗ ಬ್ರೋಕರ್ ಅಂದರೆ ಗೊತ್ತಿರುವ ಮನುಷ್ಯ. ಮಾವನ ಕಡೆಯವರೋ, ಅಪ್ಪನ ಜೊತೆ ಕೆಲಸ ಮಾಡಿದವರೋ ಆಗಿರುತ್ತಾರೆ. 2016ರ ರೇರಾ ಕಾಯ್ದೆ ಬಂದ ಮೇಲೆ ನೋಂದಾಯಿತ ಪ್ರಾಜೆಕ್ಟುಗಳ ಸೈಟು, ಫ್ಲಾಟು ಮಾರಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಬೇಕು. ಆದರೆ ಸಣ್ಣ ಊರುಗಳಲ್ಲಿ ಎಷ್ಟೋ ವ್ಯವಹಾರ ಈಗಲೂ ಬಾಯಿ ಮಾತಿನ ಮೇಲೇ ನಡೆಯುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಮೋಸ ಮಾಡಿದವನು ನಾಳೆ ಯಾವುದೋ ಮದುವೆ ಮನೆಯಲ್ಲಿ ನಮ್ಮೆದುರು ಕೂತು ಉಣ್ಣಬೇಕು. ಆ ನಾಚಿಕೆಯೇ ದೊಡ್ಡ ಕಾವಲು.

ಅದರ ಜೊತೆಗೆ ಇನ್ನೊಂದು ಒಳ್ಳೆಯ ಅಭ್ಯಾಸವೂ ನಮ್ಮಲ್ಲಿದೆ. ಬ್ರೋಕರ್ ಎಷ್ಟೇ ಬೇಕಾದವನಾಗಿರಲಿ, ಅವನು ತೋರಿಸಿದ ಜಾಗವನ್ನು ಮಾತ್ರ ನಾವು ಸುಮ್ನೆ ನಂಬುವುದಿಲ್ಲ. ಇಸಿ ತೆಗೆಸುತ್ತೇವೆ. ಮೂಲಪತ್ರ ಕೇಳುತ್ತೇವೆ. ಲಾಯರ್ ಹತ್ತಿರ ಕೊಟ್ಟು ನೋಡಿಸುತ್ತೇವೆ. ಅಂದರೆ ಮನುಷ್ಯನನ್ನು ನಂಬುತ್ತೇವೆ, ಜಮೀನನ್ನು ಅನುಮಾನಿಸುತ್ತೇವೆ. ಇಲ್ಲಿಗೆ ಬಂದ ಮೇಲೆ "ಅಮೆರಿಕ ಅಲ್ವಾ, ಎಲ್ಲ ಸರಿಯಾಗೇ ಇರುತ್ತೆ" ಅಂದುಕೊಂಡು ಎರಡನ್ನೂ ನಂಬಿಬಿಡುತ್ತೇವೆ. ಫೋನಲ್ಲೇ ಸಹಿ ಹಾಕಿ ಮುಗಿಸುತ್ತೇವೆ.

ನಾನು ಮಾಡಿದ್ದೂ ಅದನ್ನೇ. ಪರಿಚಯದವರು ಒಬ್ಬ ಬ್ರೋಕರ್‌ನ ನಂಬರು ಕೊಟ್ಟರು. ಆತನ ಮಾತು ಬಹಳ ಚೆನ್ನಾಗಿತ್ತು. ಇವತ್ತೇ ಹಿಡಿದುಕೊಳ್ಳದಿದ್ದರೆ ಬೇರೆಯವರ ಪಾಲಾಗುತ್ತದೆ ಅಂದ. ಐನೂರು ಡಾಲರ್ ಅವನ ಸ್ವಂತ ಖಾತೆಗೆ ಕಳಿಸಿದೆ. ಎರಡು ವಾರ ಕಳೆದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಆಮೇಲೆ ಹುಡುಕಿದರೆ ಅವನ ಹೆಸರಲ್ಲಿ ಯಾವ ಲೈಸೆನ್ಸೂ ಇರಲಿಲ್ಲ. ನಂಬರು ಕೊಟ್ಟವರ ಮುಖ ನೋಡುವುದು ಇವತ್ತಿಗೂ ಕಷ್ಟ. ಅವರಿಗೂ ಹಾಗೇ ಇರಬೇಕು.

ಒರ್ಲಾಂಡೊ ಇರುವ ಫ್ಲಾರಿಡಾದಲ್ಲಿ ರಿಯಲ್ ಎಸ್ಟೇಟ್ ಬ್ರೋಕರ್ ಲೈಸೆನ್ಸ್ ನೋಡಲು ಎರಡು ನಿಮಿಷ ಸಾಕು. ರಾಜ್ಯದ ಲೈಸೆನ್ಸ್ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಬಹಿರಂಗವಾದ ದೂರು ಇದೆಯಾ ಅನ್ನುವುದು ಕಾಣುತ್ತದೆ. ಟೈಮ್‌ಶೇರ್ ಮಾರಿಸಿಕೊಡುತ್ತೇನೆ ಅಂತ ಮಾರುವವರಿಂದ ಲಿಸ್ಟಿಂಗ್‌ಗೆ ಮುಂಗಡ ಫೀಸು ತೆಗೆದುಕೊಳ್ಳುವುದು ಅಲ್ಲಿನ ಬ್ರೋಕರ್‌ಗಳಿಗೆ ಕಾನೂನಿನಲ್ಲೇ ನಿಷಿದ್ಧ. ಕೊಳ್ಳುವವರಿಗೆ ಇದರಿಂದ ಏನು ಅನ್ನಬೇಡಿ. ಮಾರುವವರ ಹತ್ತಿರ ಹೇಗೆ ನಡೆದುಕೊಳ್ಳುತ್ತಾನೋ ನಮ್ಮ ಹತ್ತಿರವೂ ಹಾಗೇ. ಕಮಿಷನ್ ವಿಷಯದಲ್ಲೂ ವ್ಯತ್ಯಾಸ ಇದೆ. ಊರಲ್ಲಿ ಎರಡೂ ಕಡೆಯಿಂದ ಕೇಳುವುದು ರೂಢಿ. ಇಲ್ಲಿ ಸಾಮಾನ್ಯವಾಗಿ ಮಾರುವವರೇ ಕೊಡುತ್ತಾರೆ. ನಮ್ಮಿಂದ ಬೇರೆ ಹೆಸರಲ್ಲಿ ಫೀಸು ಏನಾದರೂ ಇದೆಯಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ನಮ್ಮ ಮುಂಗಡ ಹಣ ಬ್ರೋಕರ್‌ನ ಸ್ವಂತ ಖಾತೆಗೆ ಹೋಗಲೇಬಾರದು. ಹಕ್ಕಿನ ದಾಖಲೆ ನೋಡಿ ನೋಂದಣಿ ಮಾಡಿಸುವ ಟೈಟಲ್ ಕಂಪನಿಯ ಎಸ್ಕ್ರೋ ಖಾತೆಗೆ, ಅಂದರೆ ವ್ಯವಹಾರ ಮುಗಿಯುವವರೆಗೆ ಹಣ ಕಾದಿಡುವ ಖಾತೆಗೆ ಹೋಗಬೇಕು.

ಎರಡನೇ ಸಲ ನನಗೆ ಸಿಕ್ಕ ಬ್ರೋಕರ್ ಒಬ್ಬ ಅಮೆರಿಕನ್ ಹೆಂಗಸು. ಕೇಳಿದ್ದಕ್ಕೆ ಮಾತ್ರ ಉತ್ತರ, ಸಿಹಿ ಮಾತೇ ಇಲ್ಲ. ನನಗೆ ಮೊದಲು ಇಷ್ಟವೇ ಆಗಲಿಲ್ಲ. ಡಿಸ್ನಿಯ ಟೈಮ್‌ಶೇರ್ ಆದ ಡಿಸ್ನಿ ವೆಕೇಶನ್ ಕ್ಲಬ್‌ನ ಒಂದು ಕಾಂಟ್ರ್ಯಾಕ್ಟ್ ಬೆಲೆ ಬಹಳ ಕಡಿಮೆ ಇತ್ತು. ಅದರಲ್ಲಿ ವರ್ಷಕ್ಕಿಷ್ಟು ಪಾಯಿಂಟ್ ಸಿಗುತ್ತದೆ, ಅವನ್ನು ಕೊಟ್ಟು ರೂಮು ಬುಕ್ ಮಾಡಬೇಕು. ನಾನು ಕುಣಿಯುತ್ತಿದ್ದೆ. ಆಕೆ ರೆಸಾರ್ಟಿನಿಂದ ಎಸ್ಟಾಪೆಲ್ ಪತ್ರ ಬರಲಿ, ತಡೆಯಿರಿ ಅಂದರು. ಎಷ್ಟು ಪಾಯಿಂಟ್ ಉಳಿದಿದೆ, ಮೇಂಟೆನೆನ್ಸ್ ಬಾಕಿ ಎಷ್ಟು, ಸಾಲ ಇದೆಯಾ ಅನ್ನುವುದು ಅದರಲ್ಲಿರುತ್ತದೆ. ನಮ್ಮ ಇಸಿ ಇದ್ದ ಹಾಗೆಯೇ ಅಂದುಕೊಳ್ಳಿ. ಪತ್ರ ಬಂತು. ಆ ವರ್ಷದ ಪಾಯಿಂಟ್ ಖಾಲಿ, ಮುಂದಿನ ವರ್ಷದ್ದನ್ನೂ ಮಾಲೀಕರು ಮೊದಲೇ ಎಳೆದು ಬಳಸಿಬಿಟ್ಟಿದ್ದರು. "ಇದು ನಿಮಗೆ ಬೇಡ" ಅಂತ ಆಕೆಯೇ ಹೇಳಿದರು. ತಮ್ಮ ಕಮಿಷನ್ ತಾವೇ ಬಿಟ್ಟುಕೊಟ್ಟರು. ಆ ದಿನದಿಂದ ನನಗೆ ಆಕೆಯ ಮೇಲೆ ನಂಬಿಕೆ ಬಂತು.

ಮುಂದೆ ಆಕೆ ನಾನು ಕೇಳದೆಯೇ ಹೇಳಿದ ವಿಷಯಗಳು ಇನ್ನೂ ಮುಖ್ಯ. ಡಿಸ್ನಿಯ ಈ ಹಕ್ಕು ಶಾಶ್ವತ ಅಲ್ಲ. ಅವರ ರೆಸಾರ್ಟುಗಳಲ್ಲಿ ಬೋರ್ಡ್‌ವಾಕ್‌ನದ್ದು 2042ಕ್ಕೆ ಮುಗಿಯುತ್ತದೆ, ಸಾರಟೋಗ ಸ್ಪ್ರಿಂಗ್ಸ್‌ನದ್ದು 2054ಕ್ಕೆ. 2019ರ ಜನವರಿ 19ರಿಂದ ಈಚೆಗೆ ಹಳೆಯ ರೆಸಾರ್ಟುಗಳ ಪಾಯಿಂಟನ್ನು ರೀಸೇಲಲ್ಲಿ ಕೊಂಡವರು ಅವನ್ನು ಆಮೇಲೆ ಬಂದ ರಿವಿಯೆರಾ ರೆಸಾರ್ಟಿನಲ್ಲಿ ಬಳಸುವ ಹಾಗಿಲ್ಲ. ನಾವು ಬೆಲೆ ಒಪ್ಪಿದ ಮೇಲೂ ಅದೇ ಬೆಲೆಗೆ ಡಿಸ್ನಿಯೇ ಕೊಂಡುಕೊಳ್ಳಬಹುದು, ಆ ಹಕ್ಕು ಅವರಿಗಿದೆ. ಹಾಗಾದರೆ ನಮ್ಮ ಮುಂಗಡ ವಾಪಸ್ ಬರುತ್ತದೆ. ಇವನ್ನೆಲ್ಲ ಮುಚ್ಚಿಟ್ಟು ಬರೀ ಈಜುಕೊಳದ ಫೋಟೋ ತೋರಿಸುವ ಬ್ರೋಕರ್ ನನಗಂತೂ ಬೇಡ. ಮೇಂಟೆನೆನ್ಸ್ ಫೀಸನ್ನಂತೂ ನಾವು ಹೋದರೂ ಹೋಗದಿದ್ದರೂ ವರ್ಷ ವರ್ಷ ಕಟ್ಟಬೇಕು. ಅದು ಏರುತ್ತಲೇ ಇರುತ್ತದೆ. ಕಳೆದ ಕೆಲವು ವರ್ಷಗಳ ಫೀಸಿನ ಲೆಕ್ಕ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ.

ಹಕ್ಕುಪತ್ರವನ್ನೂ ನಾವೇ ನೋಡಬಹುದು. ಡಿಸ್ನಿ ವರ್ಲ್ಡ್‌ನ ಹೆಚ್ಚಿನ ರೆಸಾರ್ಟುಗಳು ಇರುವುದು ಆರೆಂಜ್ ಕೌಂಟಿಯಲ್ಲಿ. ಅಲ್ಲಿನ ದಾಖಲೆಗಳನ್ನು ಮನೆಯಲ್ಲೇ ಕೂತು ಹುಡುಕಬಹುದು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆದ ನನ್ನಪ್ಪನಿಗೆ ಇದನ್ನು ಫೋನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಮಾರುವವರ ಹೆಸರು ಪತ್ರದಲ್ಲಿ ಇರೋ ಹೆಸರಿಗೆ ಸರಿ ಹೋಗುತ್ತಾ, ನೋಡಿದ್ಯೇನಪ್ಪಾ?" ನೋಡಿರಲಿಲ್ಲ. ಫೋನ್ ಇಟ್ಟ ತಕ್ಷಣ ನೋಡಿದೆ.

ಗೆಳೆಯನಿಗೆ ಆಕೆಯ ನಂಬರ್ ಕೊಟ್ಟಿದ್ದೇನೆ. ಆದರೆ ನಾನು ಹೇಳಿದೆ ಅಂತ ನಂಬಬೇಡ, ಲೈಸೆನ್ಸ್ ನೀನೇ ನೋಡು ಅಂದಿದ್ದೇನೆ. ಬರುವ ಶನಿವಾರ ಅವನು ಆಕೆಯ ಜೊತೆ ಮಾತಾಡುವಾಗ ನಾನೂ ಲೈನಲ್ಲಿ ಇರುತ್ತೇನೆ.