ಮೊದಲು ಶೆಡ್ಯೂಲ್ ಬದಲಾಗಲಿ, ಯೋಗದ ಚಾಪೆ ಆಮೇಲೆ ಹಾಸೋಣ

ನೌಕರರ ಆರೋಗ್ಯದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸು. ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದಾಗ ಜೆರ್ರಿ ಮಾರಿಸ್ ಎಂಬ ವೈದ್ಯರು ಆ ಬಸ್ಸುಗಳ ಡ್ರೈವರ್, ಕಂಡಕ್ಟರ್‌ಗಳ ಕಾಯಿಲೆಯ ದಾಖಲೆಗಳನ್ನು ಹರವಿಕೊಂಡು ಕೂತರು. ಒಂದೇ ಸಂಸ್ಥೆ, ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಥರದ ಮನೆಗಳಿಂದ ಬಂದ ಗಂಡಸರು. ಆದರೂ ಹೃದಯಾಘಾತ ಡ್ರೈವರ್‌ಗಳಿಗೆ ಹೆಚ್ಚು, ಕಂಡಕ್ಟರ್‌ಗಳಿಗೆ ಕಡಿಮೆ. ಕಂಡಕ್ಟರ್‌ಗೆ ಬಂದರೂ ತಡವಾಗಿ ಬರುತ್ತಿತ್ತು, ಅಷ್ಟು ಬೇಗ ಜೀವ ತೆಗೆಯುತ್ತಿರಲಿಲ್ಲ. ಡ್ರೈವರ್ ಪಾಳಿ ಪೂರ್ತಿ ಸೀಟಿಗೆ ಅಂಟಿಕೊಂಡಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ವ್ಯಾಯಾಮಕ್ಕೂ ಹೃದಯಕ್ಕೂ ಸಂಬಂಧವಿದೆ ಎಂದು ಇವತ್ತು ನಾವೆಲ್ಲ ಸಲೀಸಾಗಿ ಹೇಳುವ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಅಲ್ಲಿಂದ.

ಮಾರಿಸ್ ತಮ್ಮ ತೀರ್ಮಾನವನ್ನು ತಾವೇ ಅನುಮಾನಿಸಿ ನೋಡಿದವರು. ಮೂರು ವರ್ಷದ ನಂತರ ಅವರೂ ಸಂಗಡಿಗರೂ ಸಿಬ್ಬಂದಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಅದೇ ವಯಸ್ಸಿನ ಕಂಡಕ್ಟರ್‌ಗಿಂತ ಡ್ರೈವರ್‌ನ ಪ್ಯಾಂಟಿನ ಸೊಂಟ ದೊಡ್ಡದಿತ್ತು, ಎಳೆ ವಯಸ್ಸಿನವರಲ್ಲೂ. ಅಂದರೆ ಕೆಲಸಕ್ಕೆ ಸೇರುವಾಗಲೇ ಅವರಲ್ಲಿ ವ್ಯತ್ಯಾಸವಿದ್ದಿರಬಹುದು, ಎಲ್ಲವನ್ನೂ ಮೆಟ್ಟಿಲ ಲೆಕ್ಕಕ್ಕೇ ಹಾಕುವ ಹಾಗಿಲ್ಲ ಎಂದು ಅವರೇ ತೋರಿಸಿಕೊಟ್ಟರು. ಇಂಥ ಪ್ರಾಮಾಣಿಕತೆಗಾಗಿಯೇ ನನಗೆ ಅವರ ಮೇಲೆ ಗೌರವ.

ಈ ಕಥೆಯಲ್ಲಿ ಎಲ್ಲರೂ ಹಾದುಹೋಗುವ ಒಂದು ವಿಷಯವಿದೆ. ಆ ಕಂಡಕ್ಟರ್ ಯಾವ ಜಿಮ್ಮಿಗೂ ಹೋಗಿರಲಿಲ್ಲ. ಯಾರೂ ಅವನಿಗೆ ಆರೋಗ್ಯದ ಬಗ್ಗೆ ಭಾಷಣ ಮಾಡಿರಲಿಲ್ಲ. ಅವನ ಕೆಲಸವೇ ಅವನನ್ನು ನಡೆಸುತ್ತಿತ್ತು, ಹತ್ತಿಸುತ್ತಿತ್ತು, ಇಳಿಸುತ್ತಿತ್ತು. ಡ್ರೈವರ್‌ನ ಕೆಲಸ ಅವನನ್ನು ಕೂರಿಸುತ್ತಿತ್ತು. ಯಾವುದೇ ಸಂಸ್ಥೆಯ ಅತಿದೊಡ್ಡ ಆರೋಗ್ಯ ಯೋಜನೆ ಎಂದರೆ ಆ ಸಂಸ್ಥೆ ಕೊಡುವ ಕೆಲಸ ಮತ್ತು ಆ ಕೆಲಸದ ವೇಳಾಪಟ್ಟಿ. ಒಳ್ಳೆಯದೋ ಕೆಟ್ಟದ್ದೋ, ಅದು ದಿನಾ ಜಾರಿಯಲ್ಲಿರುತ್ತದೆ.

ನಮ್ಮಲ್ಲಿ ವೆಲ್‌ನೆಸ್ ಪ್ರೋಗ್ರಾಂ ಅಂದರೆ ಏನು? ಜೂನ್ 21ಕ್ಕೆ ಯೋಗ, ವರ್ಷಕ್ಕೊಂದು ತಪಾಸಣಾ ಶಿಬಿರ, ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಸ್ಪರ್ಧೆ, ಆಹಾರ ತಜ್ಞರ ಒಂದು ಉಪನ್ಯಾಸ. ಇವು ಬೇಡ ಎನ್ನುತ್ತಿಲ್ಲ. ಶಿಬಿರದಲ್ಲಿ ಬಿಪಿ ಗೊತ್ತಾಗಿ ಬದುಕಿಕೊಂಡವರನ್ನು ನಾನು ಬಲ್ಲೆ. ಆದರೆ ಇಷ್ಟೇ ಸಾಕು ಅನ್ನುವವರು ಅಮೆರಿಕದ ಎರಡು ಅಧ್ಯಯನಗಳನ್ನು ನೋಡಬೇಕು. ಇಲಿನಾಯ್ ವಿಶ್ವವಿದ್ಯಾಲಯ ತನ್ನ ಸುಮಾರು 5,000 ನೌಕರರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಇಂಥ ಕಾರ್ಯಕ್ರಮ ಕೊಟ್ಟಿತು, ಭಾಗವಹಿಸಿದವರಿಗೆ ಹಣವನ್ನೂ ಕೊಟ್ಟಿತು. ಆಸ್ಪತ್ರೆ ಖರ್ಚಿನಲ್ಲಾಗಲಿ ಅಭ್ಯಾಸಗಳಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇನ್ನೊಂದು, 160 ಮಳಿಗೆಗಳಲ್ಲಿ ಸುಮಾರು 33,000 ಜನ ದುಡಿಯುವ ದೊಡ್ಡ ವ್ಯಾಪಾರ ಸಂಸ್ಥೆಯದು, 2019ರಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷದ ಕಾರ್ಯಕ್ರಮದ ನಂತರ 'ನಾನು ವ್ಯಾಯಾಮ ಮಾಡುತ್ತೇನೆ, ತೂಕದ ಕಡೆ ಗಮನ ಕೊಡುತ್ತೇನೆ' ಎನ್ನುವವರು ಹೆಚ್ಚಾದರು. ರಕ್ತದೊತ್ತಡ, ಕೊಲೆಸ್ಟ್ರಾಲ್, ಗೈರುಹಾಜರಿ ಇದ್ದಲ್ಲೇ ಇದ್ದವು.

ಕಾರಣದ ಒಂದು ಭಾಗ ಇಲಿನಾಯ್ ಅಧ್ಯಯನದಲ್ಲೇ ಇದೆ. ಕಾರ್ಯಕ್ರಮಕ್ಕೆ ತಾವಾಗಿ ಬಂದು ಸೇರಿದವರು ಮೊದಲೇ ಆಸ್ಪತ್ರೆಗೆ ಕಡಿಮೆ ಖರ್ಚು ಮಾಡುತ್ತಿದ್ದವರು. ಬೆಳಗ್ಗೆ ಆರಕ್ಕೆ ಯೋಗಕ್ಕೆ ಬರುವುದು ರಾತ್ರಿ ಹತ್ತಕ್ಕೆ ಮಲಗಲು ಸಾಧ್ಯವಾದವರು. ಯಾರಿಗಾಗಿ ಮಾಡಬೇಕೋ ಅವರು ಆ ಹೊತ್ತಿಗೆ ಎಲ್ಲೋ ಡ್ಯೂಟಿಯಲ್ಲಿರುತ್ತಾರೆ, ಇಲ್ಲ ಡ್ಯೂಟಿ ಮುಗಿಸಿ ಈಗಷ್ಟೇ ಕಣ್ಣು ಮುಚ್ಚಿರುತ್ತಾರೆ.

ಮತ್ತೆ ಬಸ್ಸಿಗೇ ಬರುತ್ತೇನೆ. 2024ರ ನವೆಂಬರ್‌ನಲ್ಲಿ ನೆಲಮಂಗಲದಿಂದ ದಾಸನಪುರದ ಕಡೆ ಹೊರಟಿದ್ದ ಬಿಎಂಟಿಸಿ ಬಸ್ಸಿನ ಡ್ರೈವರ್ ಸ್ಟೀರಿಂಗ್ ಮುಂದೆಯೇ ಹೃದಯಾಘಾತದಿಂದ ಕುಸಿದರು. ಕಂಡಕ್ಟರ್ ಓಡಿಬಂದು ಬಸ್ ನಿಲ್ಲಿಸಿ ಪ್ರಯಾಣಿಕರನ್ನು ಉಳಿಸಿದರು. ಆ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ತೀರಿಕೊಂಡವರಿಗೆ ಬರೀ 40 ವರ್ಷ. ಮರುವರ್ಷ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯವನ್ನೇ ಗಾಬರಿಗೆ ಬೀಳಿಸಿ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರಲ್ಲ, ಆಗ ತೀರಿಕೊಂಡವರ ಪಟ್ಟಿಯಲ್ಲೂ ಆಟೊ, ಕ್ಯಾಬ್ ಓಡಿಸುವವರಿದ್ದರು. ಒಬ್ಬೊಬ್ಬರ ಸಾವಿಗೂ ಕೆಲಸವೇ ಕಾರಣ ಎಂದು ನಾನು ಹೇಳಲಾರೆ. ಆದರೆ ಒಟ್ಟು ಲೆಕ್ಕ ನಮ್ಮ ಮುಂದಿದೆ: ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿತದಿಂದಾಗಿ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7,45,000 ಜನ ಪಾರ್ಶ್ವವಾಯು, ಹೃದ್ರೋಗಗಳಿಂದ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು.

ನನ್ನ ಸೋದರಮಾವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ನಮ್ಮ ಮನೆಗೆ ಬಂದಾಗ ಅಮ್ಮ ಬೈಯುತ್ತಿದ್ದಳು, "ಎಷ್ಟು ಸಲ ಹೇಳಬೇಕೋ, ನೀರು ಕುಡಿಯೋ, ಮೈಯೆಲ್ಲ ಉಷ್ಣ ಆಗಿದೆ." ಮಾವ ಒಂದೇ ಉತ್ತರ ಕೊಡುತ್ತಿದ್ದರು: "ಅಕ್ಕಾ, ನೀರು ಕುಡಿದರೆ ಗಾಡಿ ಎಲ್ಲಿ ನಿಲ್ಲಿಸಲಿ?" ಅವರಿಗೆ ಎರಡು ಸಲ ಕಿಡ್ನಿಯಲ್ಲಿ ಕಲ್ಲಾಯಿತು. ದಿನಕ್ಕಿಷ್ಟು ಲೀಟರ್ ನೀರು ಕುಡಿಯಿರಿ ಎಂಬ ಭಿತ್ತಿಪತ್ರ ಅವರಿಗೆ ಏನು ಮಾಡೀತು? ನೀರಿನ ಮಹತ್ವ ಅವರಿಗೆ ಗೊತ್ತಿತ್ತು. ನಿಲ್ಲಿಸಲು ಜಾಗವಿರಲಿಲ್ಲ, ನಿಲ್ಲಿಸಿದರೆ ರನ್ನಿಂಗ್ ಟೈಮ್, ಅಂದರೆ ರೂಟು ಮುಗಿಸಲು ಕೊಟ್ಟ ಸಮಯ, ಮೀರುತ್ತಿತ್ತು. ಕೊನೇ ಸ್ಟಾಪಿನಲ್ಲಿ ಶೌಚಾಲಯವಿಲ್ಲದ ರೂಟಿಗೆ ಹೋಗುವ ಮಹಿಳಾ ಕಂಡಕ್ಟರ್‌ಗಳ ಪಾಡು ಇನ್ನೂ ಕಷ್ಟ. ಮುಟ್ಟಿನ ದಿನಗಳಲ್ಲಂತೂ ಕೇಳುವುದೇ ಬೇಡ. ನಿದ್ದೆ ತಡೆಯಲು ಗುಟ್ಕಾ, ಹಸಿವು ತಡೆಯಲು ಟೀ, ರಾತ್ರಿ ಹನ್ನೊಂದಕ್ಕೆ ಸಿಕ್ಕ ಕಡೆ ಎಣ್ಣೆಯಲ್ಲಿ ಕರಿದ ತಿಂಡಿ. ಇವನ್ನು 'ಕೆಟ್ಟ ಅಭ್ಯಾಸ' ಎಂದು ಕರೆದು ಸುಮ್ಮನಾಗುವುದು ಅನ್ಯಾಯ. ಅರ್ಧಕ್ಕರ್ಧ ಅಭ್ಯಾಸಗಳು ಆ ಪಾಳಿಯಿಂದಲೇ ಅಂಟಿಕೊಂಡಂಥವು.

ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದ್ದೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿಟ್ಟಿದ್ದರು: ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ, ನೂರು ಜನರಿದ್ದರೆ ಕ್ಯಾಂಟೀನು, ರಾತ್ರಿ ತಂಗಬೇಕಾದ ಕಡೆ ವಿಶ್ರಾಂತಿ ಕೊಠಡಿ. ಆ ಅರ್ಧ ಗಂಟೆ ಕಾಗದದಲ್ಲಿದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸು ತಡವಾದರೆ ಮೊದಲು ಕರಗುವುದು ಅದೇ. ಸಿಲ್ಕ್ ಬೋರ್ಡು, ಹೆಬ್ಬಾಳದಲ್ಲಿ ಸಂಜೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬೆಂಗಳೂರಿನ ಪ್ರತಿಯೊಬ್ಬರಿಗೂ ಗೊತ್ತು. ಆ ಹೊತ್ತನ್ನು ಲೆಕ್ಕಕ್ಕೆ ಹಿಡಿದು ರನ್ನಿಂಗ್ ಟೈಮ್ ಹಾಕಿದರೆ, ಅದಕ್ಕಿಂತ ಒಳ್ಳೆಯ ಬಿಪಿ ಮಾತ್ರೆ ಇಲ್ಲ ಎಂಬುದು ನನ್ನ ನಂಬಿಕೆ.

ನಮ್ಮ ಸಾರಿಗೆ ಸಂಸ್ಥೆಗಳು ಏನೂ ಮಾಡಿಲ್ಲ ಎನ್ನುವುದು ಸರಿಯಲ್ಲ. ಜಯದೇವ ಆಸ್ಪತ್ರೆಯ ಜೊತೆ ಸೇರಿ ಸಿಬ್ಬಂದಿಗೆ ಹೃದಯ ತಪಾಸಣೆ ಮಾಡಿಸಿವೆ. 2025ರ ಜನವರಿಯಲ್ಲಿ 'ಕೆಎಸ್‌ಆರ್‌ಟಿಸಿ ಆರೋಗ್ಯ' ಎಂಬ ನಗದುರಹಿತ ಚಿಕಿತ್ಸಾ ಯೋಜನೆ ಬಂತು, ನೌಕರರ ಕುಟುಂಬವೂ ಅದರಲ್ಲಿದೆ. ಬಿಲ್ಲು ಹಿಡಿದುಕೊಂಡು ಅಲೆಯುತ್ತಿದ್ದವರಿಗೆ ಇದು ದೊಡ್ಡ ಸಮಾಧಾನ, ಮನಸಾರೆ ಮೆಚ್ಚುತ್ತೇನೆ. ಆದರೆ ಇದು ಕಾಯಿಲೆ ಬಂದ ಮೇಲಿನ ಮಾತು.

ತಪಾಸಣೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ಬಸ್ಸಿಗೆ ಮಾತ್ರವಲ್ಲ, ಎಲ್ಲ ಕಡೆಗೂ ಅನ್ವಯಿಸುವಂಥದ್ದು. ಬಿಪಿ, ಶುಗರ್ ಇದೆ ಎಂದು ಗೊತ್ತಾದರೆ ಡ್ಯೂಟಿ ಕೈತಪ್ಪೀತು, ಓಟಿ ಹೋದೀತು, ಬಡ್ತಿಗೆ ಅಡ್ಡ ಬಂದೀತು ಎಂಬ ಭಯವಿದ್ದರೆ ನೌಕರ ಶಿಬಿರದ ದಿನ ರಜೆ ಹಾಕುತ್ತಾನೆ. ಮನೆಯ ಸಾಲ, ಮಕ್ಕಳ ಫೀಸು ಕಣ್ಣ ಮುಂದಿರುವವರು ಕಾಯಿಲೆ ಮುಚ್ಚಿಡುವುದು ಸಹಜ. ತಪಾಸಣೆಯ ಫಲಿತಾಂಶ ವೈದ್ಯರಿಗೂ ಆ ನೌಕರನಿಗೂ ಮಾತ್ರ ಗೊತ್ತಿರಬೇಕು. ಸ್ಟೀರಿಂಗ್ ಹಿಡಿಯುವವರಿಗೆ ಬೇರೆ ಕೆಲಸ ಕೊಡಲೇಬೇಕಾದ ಸಂದರ್ಭ ಬಂದರೆ ಸಂಬಳ, ಭತ್ಯೆ ಕಡಿಮೆಯಾಗಬಾರದು. ಈ ಭರವಸೆಯನ್ನು ಬರವಣಿಗೆಯಲ್ಲಿ ಕೊಡದೆ ಎಷ್ಟು ಶಿಬಿರ ಮಾಡಿದರೂ ಬರುವವರು ಆರೋಗ್ಯವಂತರೇ.

ಕ್ಯಾಂಟೀನಿನಲ್ಲಿ ಮಧ್ಯಾಹ್ನ ಒಂದಕ್ಕೆ ಮಾತ್ರ ಊಟ ಸಿಕ್ಕರೆ ಸಾಲದು. ಬೆಳಗಿನ ನಾಲ್ಕಕ್ಕೆ ಗಾಡಿ ತೆಗೆಯುವವರಿಗೂ ರಾತ್ರಿ ಹನ್ನೊಂದಕ್ಕೆ ಗಾಡಿ ನಿಲ್ಲಿಸುವವರಿಗೂ ಬಿಸಿ ಮುದ್ದೆ, ಸೊಪ್ಪಿನ ಸಾರು, ಮೊಳಕೆ ಕಾಳು ಸಿಗಬೇಕು. ನೈಟ್ ಔಟ್ ಮಾಡುವವರಿಗೆ, ಅಂದರೆ ಬಸ್ಸಿನ ಜೊತೆ ರಾತ್ರಿ ಬೇರೆ ಊರಲ್ಲೇ ತಂಗುವವರಿಗೆ, ಸೊಳ್ಳೆಯಿಲ್ಲದ ಒಂದು ಮಂಚ ಬೇಕು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವ ಅಕ್ಕಂದಿರಿಗೆ ಬೇಕಾದ್ದು ಎದ್ದು ಓಡಾಡುವ ಹತ್ತು ನಿಮಿಷ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರಿಗೆ ಬೇಕಾದ್ದು ಒಂದು ಸ್ಟೂಲು. ಆ ಸ್ಟೂಲಿಗಾಗಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿದವು. ನಾವು 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ, ವಾರದ 48 ಗಂಟೆಯ ಮಿತಿಯೊಳಗೆ, ದಿನಕ್ಕೆ 12 ಗಂಟೆಯವರೆಗಿನ ಪಾಳಿಗೆ ದಾರಿ ಮಾಡಿಕೊಟ್ಟಿತು. ಹನ್ನೆರಡು ಗಂಟೆ ಕಾರ್ಖಾನೆಯಲ್ಲಿ, ಬರಲು ಹೋಗಲು ಮೂರು ಗಂಟೆ ರಸ್ತೆಯಲ್ಲಿ ಕಳೆದವಳಿಗೆ ಸಂಜೆ ವಾಕಿಂಗ್ ಮಾಡಮ್ಮಾ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಈ ಬರಹ ಓದುತ್ತಿರುವವರಲ್ಲಿ ಎಚ್‌ಆರ್ ವಿಭಾಗದವರು, ಯೂನಿಯನ್‌ನವರು, ಡಿಪೋ ನೋಡಿಕೊಳ್ಳುವವರು ಇದ್ದೀರಿ. ಮುಂದಿನ ಸಲ ಆರೋಗ್ಯ ಕಾರ್ಯಕ್ರಮದ ಸಭೆ ಕರೆದಾಗ ವೈದ್ಯರ ಜೊತೆ ಶೆಡ್ಯೂಲ್ ಹಾಕುವವರನ್ನೂ ಕೂರಿಸಿಕೊಳ್ಳಿ. ರಾತ್ರಿ ಪಾಳಿಯ ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಕರೆಯಿರಿ, ಅವರ ಆ ದಿನದ ಸಂಬಳ ಕಡಿಯಬೇಡಿ. ಎಷ್ಟು ಹೊತ್ತಿಗೆ ಉಂಡಿರಿ, ಎಲ್ಲಿ ಉಂಡಿರಿ, ಎಷ್ಟು ಹೊತ್ತು ಮಲಗಿದಿರಿ, ಶೌಚಕ್ಕೆ ಎಲ್ಲಿ ಹೋದಿರಿ ಎಂದು ಮೊದಲು ಅವರನ್ನೇ ಕೇಳಿ ಬರೆದುಕೊಳ್ಳಿ. ಬಜೆಟ್ಟಿನ ಮಾತು ಅದಾದ ಮೇಲೆ ಶುರುವಾಗಲಿ.